ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದಾಗ ಇನ್ಸುಲಿನ್ ಏನು ಮಾಡಬೇಕು? ಟೈಪ್ ಒನ್ ಮಧುಮೇಹ ಇರುವವರಿಗೆ ಸಮಗ್ರ ಮಾರ್ಗದರ್ಶಿ

"ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ" ಎಂದು ಲ್ಯಾಬ್‌ನವರು ಹೇಳುತ್ತಾರೆ. "ಇನ್ಸುಲಿನ್?" ಎಂದು ಕೇಳಿದರೆ ಎಷ್ಟೋ ಕಡೆ ಸಿಗುವ ಉತ್ತರ "ಅದನ್ನೂ ತಗೋಬೇಡಿ". ಟೈಪ್ ಟು ಇದ್ದು ಮಾತ್ರೆ ನುಂಗುವವರಿಗೆ ಈ ಉತ್ತರ ಒಂದು ಬೆಳಿಗ್ಗೆಯ ಮಟ್ಟಿಗೆ ನಡೆಯಬಹುದು. ಟೈಪ್ ಒನ್ ಇರುವವರಿಗೆ ಇದು ಅಪಾಯದ ಉತ್ತರ.

ಕಾರಣ ಸರಳ. ನಾವು ಏನೂ ತಿನ್ನದಿದ್ದರೂ ಲಿವರ್ ಸುಮ್ನೆ ಕೂರುವುದಿಲ್ಲ. ರಾತ್ರಿಯಿಡೀ ಅದು ಸ್ವಲ್ಪ ಸ್ವಲ್ಪವೇ ಗ್ಲೂಕೋಸ್ ಬಿಡುತ್ತಿರುತ್ತದೆ. ಮೆದುಳು, ಹೃದಯ ಕೆಲಸ ಮಾಡಲು ಅದು ಬೇಕು. ಆ ಗ್ಲೂಕೋಸನ್ನು ಹಿಡಿತದಲ್ಲಿಡಲು ಇನ್ಸುಲಿನ್ ಇರಲೇಬೇಕು. ಟೈಪ್ ಒನ್‌ನಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ನಾಶವಾಗಿರುತ್ತವೆ, ಒಳಗಿನಿಂದ ಇನ್ಸುಲಿನ್ ಬರುವುದಿಲ್ಲ. ಹೊರಗಿನಿಂದ ಕೊಡುವುದನ್ನೂ ನಿಲ್ಲಿಸಿದರೆ ಶುಗರ್ ಏರುತ್ತದೆ, ದೇಹ ಕೊಬ್ಬನ್ನು ಕರಗಿಸಲು ಹೊರಡುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ. ಡಿಕೆಎ ಎಂದು ವೈದ್ಯರು ಕರೆಯುವ ತುರ್ತು ಸ್ಥಿತಿ ಹೀಗೇ ಶುರುವಾಗುವುದು. 1922ರ ಜನವರಿಯಲ್ಲಿ ಟೊರೊಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ, ಈ ಕಾಯಿಲೆಯ ಮಕ್ಕಳಿಗಿದ್ದ ಚಿಕಿತ್ಸೆ ಎಂದರೆ ಅರೆಹೊಟ್ಟೆ. ಉಪವಾಸದಿಂದ ಸಾವನ್ನು ಕೆಲವು ತಿಂಗಳು ಮುಂದೂಡಬಹುದಿತ್ತು, ಬದುಕಿಸಲು ಆಗುತ್ತಿರಲಿಲ್ಲ. ಊಟ ಬಿಡುವುದು ಇನ್ಸುಲಿನ್‌ಗೆ ಬದಲಿ ಅಲ್ಲ.

ಹಾಗಾಗಿ ಈ ಬರಹದ ತಿರುಳು ಇಷ್ಟೇ: ಪರೀಕ್ಷೆಗಾಗಿ ಬಿಡುವುದು ಊಟವನ್ನು ಮತ್ತು ಆ ಊಟಕ್ಕೆ ಹಾಕುವ ಇನ್ಸುಲಿನ್ನನ್ನು ಮಾತ್ರ. ಬೇಸಲ್, ಅಂದರೆ ಇಡೀ ದಿನದ ತಳದ ಇನ್ಸುಲಿನ್, ನಿಲ್ಲಬಾರದು. ಶುಗರ್ ಲೋ ಆದರೆ ಪರೀಕ್ಷೆಯನ್ನೇ ಬಿಡಬೇಕು. ಉಳಿದದ್ದೆಲ್ಲ ಇದನ್ನು ಸುರಕ್ಷಿತವಾಗಿ ಮಾಡುವ ಬಗೆ. ನಿಮ್ಮ ಡೋಸ್ ನಿಮಗೆ ಮಾತ್ರ ಸಂಬಂಧಿಸಿದ್ದು, ಆದ್ದರಿಂದ ಯೂನಿಟ್‌ಗಳ ಬದಲಾವಣೆಯನ್ನು ನಿಮ್ಮ ವೈದ್ಯರ ಜೊತೆ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ.

ಮೊದಲು ಕೇಳಿ: ಉಪವಾಸ ನಿಜವಾಗಿ ಬೇಕಾ?

ಇದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅರ್ಧಕ್ಕರ್ಧ ತಾಪತ್ರಯ ಅಲ್ಲೇ ಮುಗಿಯುತ್ತದೆ.

ಟೈಪ್ ಒನ್ ಇರುವವರಿಗೆ ಆಗಾಗ ಬರೆಯುವ ಪರೀಕ್ಷೆಗಳನ್ನು ನೋಡಿ. ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಡ, ಅದು ಹಿಂದಿನ 2-3 ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಥೈರಾಯ್ಡ್‌ನ ಟಿಎಸ್‌ಎಚ್‌ಗೆ ಬೇಡ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್‌ಗೆ, ಮೂತ್ರದ ಅಲ್ಬುಮಿನ್ ಪರೀಕ್ಷೆಗೆ, ಸೀಲಿಯಾಕ್ ಕಾಯಿಲೆಯ ಆಂಟಿಬಾಡಿಗೆ ಬೇಡ. ಉಳಿಯುವುದು ಫಾಸ್ಟಿಂಗ್ ಶುಗರ್ ಮತ್ತು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ.

ಲಿಪಿಡ್‌ಗೂ ಈಗ ಎಲ್ಲರಿಗೂ ಉಪವಾಸ ಬೇಕಿಲ್ಲ. ಮಾಮೂಲಿ ತಪಾಸಣೆಗೆ ಊಟ ಮಾಡಿದ ರಕ್ತವೇ ಸಾಕು ಎಂದು 2016ರಲ್ಲಿ ಯುರೋಪಿಯನ್ ಅಥೆರೋಸ್ಕ್ಲೆರೋಸಿಸ್ ಸೊಸೈಟಿ ಮತ್ತು ಅಲ್ಲಿನ ಲ್ಯಾಬ್ ತಜ್ಞರ ಒಕ್ಕೂಟ ಒಟ್ಟಾಗಿ ಹೇಳಿದವು. ಟ್ರೈಗ್ಲಿಸರೈಡ್ ಎಂಬ ಕೊಬ್ಬು 400 ದಾಟಿದ್ದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡುವ ಕಾರಣ ಇರುತ್ತದೆ, ಏಕೆಂದರೆ ಲ್ಯಾಬ್‌ಗಳು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಲೆಕ್ಕ ಹಾಕುವ ಹಳೆಯ ಸೂತ್ರ ಆ ಮಟ್ಟದಲ್ಲಿ ಕೈಕೊಡುತ್ತದೆ. ನಿಮ್ಮ ಹಳೆಯ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 110 ಅಂತಿದ್ದರೆ ವೈದ್ಯರನ್ನು ಕೇಳಿ: "ಈ ಸಲ ತಿಂಡಿ ತಿಂದೇ ಕೊಡಬಹುದಾ?"

ಫಾಸ್ಟಿಂಗ್ ಶುಗರ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಚಿತ. ದಿನಕ್ಕೆ ನಾಲ್ಕೈದು ಸಲ ಬೆರಳು ಚುಚ್ಚಿ ನೋಡುವವರಿಗೆ, ತೋಳಲ್ಲಿ ಶುಗರ್ ಅಳೆಯುವ ಸೆನ್ಸರ್ ಇರುವವರಿಗೆ, ಲ್ಯಾಬಿನ ಒಂದು ಬೆಳಿಗ್ಗೆಯ ಸಂಖ್ಯೆ ಹೊಸದಾಗಿ ಹೇಳುವುದು ತುಂಬಾ ಕಡಿಮೆ. ಟೈಪ್ ಒನ್ ಇದೆ ಎಂದು ಆಗಲೇ ಗೊತ್ತಿರುವವರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಜಿಟಿಟಿ ಬೇಕೇ ಇಲ್ಲ. ಗರ್ಭಿಣಿಯರ ಪರೀಕ್ಷೆಗಳ ಪಟ್ಟಿಯಲ್ಲಿ ಅದು ತಾನಾಗಿಯೇ ಸೇರಿಕೊಂಡಿರುವುದುಂಟು. ಲ್ಯಾಬ್‌ನಲ್ಲಿ ಗ್ಲೂಕೋಸ್ ನೀರು ಕೈಗೆ ಕೊಟ್ಟರೆ ಕುಡಿಯಬೇಡಿ, ವೈದ್ಯರಿಗೆ ಫೋನ್ ಮಾಡಿ.

ನಿಮ್ಮ ಇನ್ಸುಲಿನ್ ಯಾವ ಬಗೆಯದು?

ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ. ಫ್ರಿಜ್‌ನಿಂದ ಪೆನ್ ಅಥವಾ ಸೀಸೆ ತೆಗೆದು ಹೆಸರು ಓದಿ.

ಲ್ಯಾಂಟಸ್, ಬಸಲಾಗ್, ಟೂಜಿಯೊ, ಟ್ರೆಸಿಬಾ: ಇವು ದೀರ್ಘಾವಧಿಯ ಬೇಸಲ್ ಇನ್ಸುಲಿನ್‌ಗಳು. ಮೊದಲ ಮೂರರಲ್ಲಿರುವ ಗ್ಲಾರ್ಜಿನ್ ಸುಮಾರು ಒಂದು ದಿನ, ಟ್ರೆಸಿಬಾದಲ್ಲಿರುವ ಡೆಗ್ಲುಡೆಕ್ 40 ಗಂಟೆಗೂ ಮೀರಿ ಕೆಲಸ ಮಾಡುತ್ತದೆ. ಇವನ್ನು ರಾತ್ರಿ ತೆಗೆದುಕೊಳ್ಳುವವರು ರಾತ್ರಿಯೇ, ಬೆಳಿಗ್ಗೆ ತೆಗೆದುಕೊಳ್ಳುವವರು ಬೆಳಿಗ್ಗೆಯೇ, ಎಂದಿನ ಸಮಯಕ್ಕೆ ತೆಗೆದುಕೊಳ್ಳಬೇಕು. ಬೇಸಲ್ ಡೋಸ್ ಸರಿಯಾಗಿದ್ದರೆ ಊಟವಿಲ್ಲದಿದ್ದರೂ ಶುಗರ್ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಿರುವುದೇ ಅದರ ಕೆಲಸ. ಬೆಳಗಿನ ಜಾವ ಆಗಾಗ ಲೋ ಆಗುವವರಿಗೆ ಮಾತ್ರ ವೈದ್ಯರು ಆ ಒಂದು ಡೋಸನ್ನು ಶೇಕಡಾ 10-20ರಷ್ಟು ಕಡಿಮೆ ಮಾಡಲು ಹೇಳಬಹುದು. ಟ್ರೆಸಿಬಾದಲ್ಲಿ ಒಂದು ರಾತ್ರಿಯ ಬದಲಾವಣೆ ಅಷ್ಟಾಗಿ ಫಲ ಕೊಡುವುದಿಲ್ಲ, ಅದರ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು.

ಹ್ಯೂಮಲಾಗ್, ನೋವೊರಾಪಿಡ್, ಫಿಯಾಸ್ಪ್, ಎಪಿಡ್ರಾ: ಇವು ಊಟದ ಇನ್ಸುಲಿನ್‌ಗಳು. ಸುಮಾರು ಕಾಲು ಗಂಟೆಯೊಳಗೆ ಶುರುವಾಗಿ ಒಂದೆರಡು ಗಂಟೆಗೆ ಜೋರಾಗುತ್ತವೆ. ಆಕ್ಟ್ರಾಪಿಡ್, ಹ್ಯೂಮಿನ್ಸುಲಿನ್ ಆರ್ ಕೂಡ ಊಟದ್ದೇ, ಆದರೆ ಶುರುವಾಗಲು ಅರ್ಧ ಗಂಟೆ ಬೇಕು, 6-8 ಗಂಟೆ ಉಳಿಯುತ್ತವೆ. ತಿಂಡಿ ಇಲ್ಲ ಎಂದರೆ ತಿಂಡಿಗೆ ಹಾಕುವ ಡೋಸೂ ಇಲ್ಲ. ರಕ್ತ ಕೊಟ್ಟು, ತಟ್ಟೆ ಮುಂದೆ ಬಂದ ಮೇಲೆ ಹಾಕಿಕೊಳ್ಳುವುದು.

ಇನ್ಸುಲಟಾರ್ಡ್, ಹ್ಯೂಮಿನ್ಸುಲಿನ್ ಎನ್ ತರದ ಎನ್‌ಪಿಎಚ್ ಇನ್ಸುಲಿನ್‌ನಲ್ಲಿ ಜಾಗ್ರತೆ ಜಾಸ್ತಿ ಬೇಕು. ಹಾಕಿದ 4ರಿಂದ 10 ಗಂಟೆಯ ನಡುವೆ ಅದು ಉಚ್ಚ ಮಟ್ಟಕ್ಕೆ ಹೋಗುತ್ತದೆ. ರಾತ್ರಿ 9ಕ್ಕೆ ಹಾಕಿದರೆ ಆ ಹೊತ್ತು ಬೆಳಗಿನ ಜಾವಕ್ಕೆ ಬೀಳುತ್ತದೆ, ಆಗ ಹೊಟ್ಟೆ ಖಾಲಿ ಇರುತ್ತದೆ. ಬೆಳಗಿನ ಎನ್‌ಪಿಎಚ್ ಡೋಸನ್ನು ಹಾಗೇ ತೆಗೆದುಕೊಳ್ಳಬೇಕಾ, ಕಡಿಮೆ ಮಾಡಬೇಕಾ, ರಕ್ತ ಕೊಟ್ಟ ಮೇಲೆ ಹಾಕಬೇಕಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಮಿಕ್ಸ್‌ಟಾರ್ಡ್ 30/70, ಹ್ಯೂಮಿನ್ಸುಲಿನ್ 30/70, ನೋವೊಮಿಕ್ಸ್ ತರದ ಮಿಶ್ರ ಇನ್ಸುಲಿನ್ ನಮ್ಮಲ್ಲಿ ಇನ್ನೂ ಎಷ್ಟೋ ಜನರ ಆಧಾರ. ಇದರಲ್ಲಿ ಊಟದ ಭಾಗವೂ ತಳದ ಭಾಗವೂ ಒಂದೇ ಸೀಸೆಯಲ್ಲಿ ಬೆರೆತಿರುತ್ತವೆ, ಬಿಡಿಸಲು ಬರುವುದಿಲ್ಲ. ಏನೂ ತಿನ್ನದೆ ಹಾಕಿದರೆ ಲೋ ಆಗುತ್ತದೆ. ಹಾಕದೆ ಮಧ್ಯಾಹ್ನದವರೆಗೆ ಕಾದರೆ ತಳದ ಇನ್ಸುಲಿನ್ ಖಾಲಿಯಾಗುತ್ತದೆ. ಇದಕ್ಕೆ ದಾರಿ ಒಂದೇ: ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೆ ಮೊದಲಿಗರಾಗಿ ರಕ್ತ ಕೊಟ್ಟು, ಎಂದಿನ ಸಮಯದಿಂದ ಹೆಚ್ಚು ಜಾರದಂತೆ ಇನ್ಸುಲಿನ್ ಹಾಕಿ ತಿಂಡಿ ತಿನ್ನುವುದು.

ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸಕ್ಕೆ ಕೊಟ್ಟ ಚೀಟಿ ಮನೆಯಲ್ಲಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಆ ಉಪವಾಸ ದೊಡ್ಡದು, ಅಲ್ಲಿನ ಕಡಿತವೂ ದೊಡ್ಡದು.

ಬುಕ್ ಮಾಡುವಾಗ

ಬೆಳಿಗ್ಗೆ 7ರ ಆಸುಪಾಸಿನ ಸಮಯ ಕೇಳಿ. ಫಾಸ್ಟಿಂಗ್ ಶುಗರ್‌ಗೆ 8 ಗಂಟೆ ಸಾಕು, ಲಿಪಿಡ್‌ಗೆ 9ರಿಂದ 12 ಗಂಟೆ ಕೇಳುತ್ತಾರೆ. 7ಕ್ಕೆ ರಕ್ತ ಕೊಡುವುದಾದರೆ 9 ಗಂಟೆಯ ಲೆಕ್ಕದಲ್ಲಿ ರಾತ್ರಿ 10ರವರೆಗೆ ತಿನ್ನಲು ಅವಕಾಶ ಇರುತ್ತದೆ. ಈ ಅವಕಾಶ ಎಷ್ಟು ಬೆಲೆಬಾಳುತ್ತದೆ ಎಂದು ಮುಂದೆ ಗೊತ್ತಾಗುತ್ತದೆ. 14 ಗಂಟೆ ಉಪವಾಸದಿಂದ ರಿಪೋರ್ಟ್ ಇನ್ನಷ್ಟು ಚೆನ್ನಾಗಿ ಬರುವುದಿಲ್ಲ.

ಮನೆಗೇ ಬಂದು ರಕ್ತ ತೆಗೆಯುವ ಸೌಲಭ್ಯ ಇದ್ದರೆ ಅದೇ ವಾಸಿ. ಅವರು ತಡವಾದರೂ ನೀವು ಮನೆಯಲ್ಲೇ ಇರುತ್ತೀರಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅಲ್ಲ. ಬುಕ್ ಮಾಡುವಾಗಲೇ "ಟೈಪ್ ಒನ್, ಇನ್ಸುಲಿನ್ ಮೇಲಿದ್ದೇನೆ, ತಡವಾದರೆ ಉಪವಾಸ ಮುರಿಯಬೇಕಾಗುತ್ತದೆ" ಎಂದು ಹೇಳಿ.

ಕಂಪನಿಗಳು ಕೊಡುವ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬೇರೆಯೇ ಕಷ್ಟ. ಅಲ್ಲಿ ರಕ್ತ, ಹೊಟ್ಟೆಯ ಸ್ಕ್ಯಾನ್, ಟ್ರೆಡ್‌ಮಿಲ್ ಎಲ್ಲ ಒಟ್ಟಿಗೆ ಇರುತ್ತವೆ, ಸ್ಕ್ಯಾನ್ ಸಾಲಿನಲ್ಲಿ ಕೂತು 11 ಗಂಟೆಯಾದರೂ ತಿಂಡಿ ಸಿಗುವುದಿಲ್ಲ. ರಕ್ತ ಮೊದಲು, ಸ್ಕ್ಯಾನ್ ಆಮೇಲೆ, ಕೂಡಲೇ ತಿಂಡಿ ಎಂಬ ಕ್ರಮವನ್ನು ಕೌಂಟರ್‌ನಲ್ಲೇ ಪಟ್ಟು ಹಿಡಿದು ಕೇಳಿ. ಆಗುವುದಿಲ್ಲ ಎಂದರೆ ಸ್ಕ್ಯಾನನ್ನು ಬೇರೆ ದಿನಕ್ಕೆ ಹಾಕಿಸಿ.

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಅದು ಫಲಿತಾಂಶವನ್ನೇ ತಿರುಚಬಲ್ಲದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನೂ ಇನ್ಸುಲಿನ್ ಜೊತೆ ಬರೆದುಕೊಟ್ಟಿದ್ದರೆ ಉಪವಾಸದ ಮುಂಚೆ ವೈದ್ಯರಿಗೆ ಹೇಳಲೇಬೇಕು. ಇವುಗಳ ಜೊತೆ ಶುಗರ್ ನಾರ್ಮಲ್ ಕಾಣುತ್ತಿದ್ದರೂ ಕೀಟೋನ್ ಏರಬಹುದು. ಜ್ವರ, ವಾಂತಿ, ಭೇದಿ ಇದ್ದರೆ ಪರೀಕ್ಷೆ ಮುಂದಕ್ಕೆ ಹಾಕಿ.

ಹಿಂದಿನ ದಿನ ಮತ್ತು ರಾತ್ರಿ

ಸಂಜೆ ಜೋರಾದ ವ್ಯಾಯಾಮ ಬೇಡ. ಆಟ, ಜಿಮ್, ದೊಡ್ಡ ನಡಿಗೆಯ ಪರಿಣಾಮ ರಾತ್ರಿಯಿಡೀ ಇರುತ್ತದೆ, ಶುಗರ್ ತಡವಾಗಿ ಬೀಳುತ್ತದೆ. ಮದ್ಯ ಖಂಡಿತ ಬೇಡ. ಲಿವರ್ ಮದ್ಯವನ್ನು ಸಂಭಾಳಿಸುವುದರಲ್ಲಿ ಮುಳುಗಿದರೆ ಗ್ಲೂಕೋಸ್ ಬಿಡುವುದನ್ನು ಕಡಿಮೆ ಮಾಡುತ್ತದೆ, ಆಗ ಲೋ ಆದರೆ ಮೇಲೆತ್ತುವವರಿರುವುದಿಲ್ಲ. ಟ್ರೈಗ್ಲಿಸರೈಡ್ ಸಂಖ್ಯೆಯೂ ಕೆಡುತ್ತದೆ.

ಊಟ 8 ಗಂಟೆಗೆ ಮುಗಿಯಲಿ. ನಿಮಗೆ ಲೆಕ್ಕ ಗೊತ್ತಿರುವ ಊಟವನ್ನೇ ಮಾಡಿ: ಎಂದಿನ ಮುದ್ದೆ-ಸಾರೋ, ಚಪಾತಿ-ಪಲ್ಯವೋ, ಅನ್ನ-ಹುಳಿಯೋ. ಬಿರಿಯಾನಿ, ಪೂರಿ ಬೇಡ. ಎಣ್ಣೆ ಜಾಸ್ತಿಯಾದಾಗ ಶುಗರ್ ನಡುರಾತ್ರಿಗೆ ಏರುತ್ತದೆ, ಅದನ್ನು ಇಳಿಸಲು ಮಲಗುವ ಹೊತ್ತಲ್ಲಿ ಇನ್ನೊಂದು ಡೋಸ್ ಹಾಕಬೇಕೆನಿಸುತ್ತದೆ. ನಾಳೆ ಉಪವಾಸ ಇರುವ ರಾತ್ರಿ ಹಾಗೆ ಡೋಸ್ ಮೇಲೆ ಡೋಸ್ ಹಾಕುವುದು ಒಳ್ಳೆಯದಲ್ಲ. 8ಕ್ಕೆ ಹಾಕಿದ ನೋವೊರಾಪಿಡ್, ಹ್ಯೂಮಲಾಗ್ ಸುಮಾರು ನಡುರಾತ್ರಿಯ ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ಬೇಸಲ್ ಮಾತ್ರ ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ.

10 ಗಂಟೆಗೆ ಸ್ವಲ್ಪ ಮುಂಚೆ ಶುಗರ್ ನೋಡಿ. 100ಕ್ಕಿಂತ ಕಡಿಮೆ ಇದ್ದರೆ, ಅಥವಾ ಸೆನ್ಸರ್‌ನ ಬಾಣ ಕೆಳಮುಖವಾಗಿದ್ದರೆ, ಒಂದು ಲೋಟ ಹಾಲೋ ಎರಡು ಬಿಸ್ಕತ್ತೋ ತಿಂದು ಮಲಗಿ. 7ರ ಸಮಯ ಕೇಳಿದ್ದು ಇದಕ್ಕೇ. ಎನ್‌ಪಿಎಚ್ ಅಥವಾ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರು, ಲೋ ಆಗುವುದು ಗೊತ್ತೇ ಆಗದವರು 3 ಗಂಟೆಗೆ ಅಲಾರಂ ಇಟ್ಟು ಒಮ್ಮೆ ನೋಡಲೇಬೇಕು. ಲೋ ಗೊತ್ತಾಗದವರು ಆ ರಾತ್ರಿ ಒಬ್ಬರೇ ಇರಬಾರದು.

ಇನ್ನೊಂದು ವಿಷಯ, ಇದನ್ನು ಒತ್ತಿ ಹೇಳಬೇಕು. ರಿಪೋರ್ಟ್ ಚೆನ್ನಾಗಿ ಬರಲಿ ಎಂದು ಹಿಂದಿನ ರಾತ್ರಿ ಎರಡು ಯೂನಿಟ್ ಜಾಸ್ತಿ ಹಾಕುವವರಿದ್ದಾರೆ. ಮನೆಯವರ ಬೈಗುಳ, ವೈದ್ಯರ ಮುಖ ನೆನೆದು ಹದಿಹರೆಯದ ಮಕ್ಕಳು ಹೀಗೆ ಮಾಡುತ್ತಾರೆ. ದಯವಿಟ್ಟು ಬೇಡ. ಎಚ್‌ಬಿಎ1ಸಿ ಹೇಗೂ ಮೂರು ತಿಂಗಳ ಕಥೆ ಹೇಳುತ್ತದೆ. ಆ ಎರಡು ಯೂನಿಟ್‌ನಿಂದ ಸಿಗುವುದು ನಿದ್ದೆಯಲ್ಲಿ ಲೋ ಆಗುವ ಅಪಾಯ ಮಾತ್ರ. ಅಪ್ಪ ಅಮ್ಮಂದಿರೇ, ಶುಗರ್ ಸಂಖ್ಯೆ ನೋಡಿ ಮಗುವನ್ನು ಗದರಿದರೆ ಮುಂದಿನ ಸಲ ನಿಮಗೆ ನಿಜವಾದ ಸಂಖ್ಯೆ ಕಾಣಿಸುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ

ನೀರು ಕುಡಿಯಿರಿ, ಧಾರಾಳವಾಗಿ. ನೀರಿನಿಂದ ಉಪವಾಸ ಮುರಿಯುವುದಿಲ್ಲ, ರಕ್ತನಾಳ ಸಿಗುವುದೂ ಸುಲಭ. ಫಿಲ್ಟರ್ ಕಾಫಿ, ಸಕ್ಕರೆ ಇಲ್ಲದ ಕರಿ ಕಾಫಿ, ಚಹಾ, ಎಳನೀರು ಯಾವುದೂ ಬೇಡ. ಬಿಪಿ, ಥೈರಾಯ್ಡ್ ಮಾತ್ರೆಗಳ ಬಗ್ಗೆ ಮೊದಲೇ ಕೇಳಿಕೊಂಡಿರಿ.

ಈಗ ಬೆರಳು ಚುಚ್ಚಿ ನೋಡಿ. ಸೆನ್ಸರ್ ಇದ್ದರೂ ಈ ಒಂದು ಸಲ ಬೆರಳಿನಿಂದ ನೋಡಿ. ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು, ಅದು ರಕ್ತಕ್ಕಿಂತ 5-15 ನಿಮಿಷ ಹಿಂದಿರುತ್ತದೆ. ಶುಗರ್ ಬೀಳುತ್ತಿರುವಾಗ ಆ ಹತ್ತು ನಿಮಿಷಕ್ಕೆ ಬೆಲೆ ಇದೆ.

70ಕ್ಕಿಂತ ಕಡಿಮೆ ಇದ್ದರೆ ಉಪವಾಸ ಅಲ್ಲಿಗೆ ಮುಗಿಯಿತು. 70ರಿಂದ 100ರ ನಡುವೆ ಇದ್ದರೆ ಕಾಲು ಗಂಟೆಗೊಮ್ಮೆ ನೋಡುತ್ತಿರಿ, ಇಳಿಯುತ್ತಿದ್ದರೆ ತಿನ್ನಿ. 90ಕ್ಕಿಂತ ಕೆಳಗಿದ್ದಾಗ ಸ್ಕೂಟರ್, ಕಾರು ಮುಟ್ಟಬೇಡಿ. 100ರಿಂದ 180 ನೆಮ್ಮದಿಯ ಮಟ್ಟ. 180ರಿಂದ 250 ಇದ್ದರೂ ಗಾಬರಿ ಬೇಡ. ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಏರಿ ಶುಗರನ್ನು ತಳ್ಳುತ್ತವೆ, ಹಾಸಿಗೆಯಿಂದ ಎದ್ದ ಮೇಲೆ ಇನ್ನೂ ಸ್ವಲ್ಪ ಏರುವವರೂ ಇದ್ದಾರೆ. ನೀರು ಕುಡಿದು ಹೋಗಿ ಬನ್ನಿ, ತಿಂಡಿಯ ಡೋಸ್ ಜೊತೆ ಸರಿ ಮಾಡಿಕೊಳ್ಳಬಹುದು. ವಿದೇಶದಲ್ಲಿರುವವರು ಈ ಸಂಖ್ಯೆಗಳನ್ನು 18ರಿಂದ ಭಾಗಿಸಿದರೆ ನಿಮ್ಮ ಮೀಟರ್‌ನ ಲೆಕ್ಕ ಸಿಗುತ್ತದೆ: 70 ಅಂದರೆ 3.9.

250 ದಾಟಿದ್ದರೆ ಕೀಟೋನ್ ನೋಡಿ. ಮೂತ್ರದ ಸ್ಟ್ರಿಪ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಒಂದು ಡಬ್ಬಿ ಮನೆಯಲ್ಲಿರಲಿ. ಕೀಟೋನ್ ಇಲ್ಲದಿದ್ದರೆ ವೈದ್ಯರು ಬರೆದುಕೊಟ್ಟ ಲೆಕ್ಕದಂತೆ ಸರಿಪಡಿಸುವ ಡೋಸ್ ಹಾಕಿ, ಅದು ಫಾಸ್ಟಿಂಗ್ ಸಂಖ್ಯೆಯನ್ನು ಬದಲಿಸುತ್ತದೆ ಎಂದು ತಡೆಯಬೇಡಿ. ಹಾಕಿದ ಮೇಲೆ ಲ್ಯಾಬ್ ಸಾಲಿನಲ್ಲಿ ಒಂದು ಗಂಟೆ ಕಾಯುವ ಹಾಗಿದ್ದರೆ ಮಧ್ಯೆ ಮತ್ತೆ ನೋಡಿ. ಕೀಟೋನ್ ಇದ್ದರೆ ಆ ದಿನ ಲ್ಯಾಬ್ ಇಲ್ಲ, ವೈದ್ಯರಿಗೆ ಫೋನ್. ರಕ್ತದ ಕೀಟೋನ್ 3 ದಾಟಿದರೆ, ಅಥವಾ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಲೋ ಆದರೆ

15 ಗ್ರಾಂ ಗ್ಲೂಕೋಸ್ ಬೇಕು: ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. 54ಕ್ಕಿಂತ ಕೆಳಗೆ ಹೋಗಿದ್ದರೆ ಅದು ಗಂಭೀರ, ಪಕ್ಕದಲ್ಲಿ ಯಾರಾದರೂ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಔಷಧಿ ಇದ್ದರೆ ಕೊಟ್ಟು 108ಕ್ಕೆ ಕರೆ ಮಾಡಬೇಕು.

"ಇನ್ನು ಹತ್ತು ನಿಮಿಷ, ರಕ್ತ ಕೊಟ್ಟ ಮೇಲೆ ತಿಂತೀನಿ" ಎಂಬ ಮಾತು ಬೇಡವೇ ಬೇಡ. ಲ್ಯಾಬ್ ಕೌಂಟರ್‌ನಲ್ಲಿ "ಸಕ್ಕರೆ ತಿಂದರೆ ಟೆಸ್ಟ್ ಹಾಳಾಗುತ್ತೆ" ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ. ಹಾಳಾಗಲಿ. ಟೆಸ್ಟನ್ನು ನಾಳೆ ಮಾಡಬಹುದು. ಸಕ್ಕರೆ ತಿಂದ ಮೇಲೂ ಎಚ್‌ಬಿಎ1ಸಿ, ಟಿಎಸ್‌ಎಚ್, ಕ್ರಿಯಾಟಿನಿನ್‌ಗೆ ರಕ್ತ ಕೊಟ್ಟೇ ಬರಬಹುದು, ಫಾಸ್ಟಿಂಗ್ ಶುಗರ್ ಒಂದನ್ನು ಬಿಡಬೇಕು ಅಷ್ಟೇ. ಲಿಪಿಡ್ ಬಗ್ಗೆ ವೈದ್ಯರನ್ನು ಕೇಳಿ.

ಚೀಲದಲ್ಲಿ ಮೀಟರ್, ಸ್ಟ್ರಿಪ್, ಗ್ಲೂಕೋಸ್, ಇನ್ಸುಲಿನ್, ಮನೆಯಿಂದ ಕಟ್ಟಿಕೊಂಡ ತಿಂಡಿ ಇರಲಿ.

ರಕ್ತ ಕೊಟ್ಟ ಮೇಲೆ

ಹೋಟೆಲ್‌ಗೆ ಹೋಗುವುದಾದರೆ ದಾರಿಯಲ್ಲೇ ಇನ್ಸುಲಿನ್ ಹಾಕಿಕೊಳ್ಳಬೇಡಿ. ಭಾನುವಾರ ಬೆಳಿಗ್ಗೆ ಮಸಾಲೆ ದೋಸೆಗೆ ಅರ್ಧ ಗಂಟೆ ಕಾಯಬೇಕಾಗಬಹುದು. ತಟ್ಟೆ ಮೇಜಿಗೆ ಬಂದ ಮೇಲೆ ಹಾಕಿ. ಆಕ್ಟ್ರಾಪಿಡ್ ಅಥವಾ 30/70 ಹಾಕುವವರಿಗೆ ಅರ್ಧ ಗಂಟೆಯ ಅಂತರ ಬೇಕಾದ್ದರಿಂದ ಡಬ್ಬಿಯಲ್ಲಿ ತಂದ ಇಡ್ಲಿಯೇ ಅನುಕೂಲ. ಅವಸರದಲ್ಲಿ ಸಿರಿಂಜ್ ಅದಲು ಬದಲಾಗದಂತೆ ನೋಡಿ. ನಮ್ಮ ಅಂಗಡಿಗಳಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನ ಸೀಸೆಯೂ 100 ಯೂನಿಟ್‌ನ ಸೀಸೆಯೂ ಇವೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ.

ಪಿಪಿಬಿಎಸ್, ಅಂದರೆ ಊಟದ ನಂತರದ ಶುಗರ್ ಪರೀಕ್ಷೆಯೂ ಇದ್ದರೆ, ಎಂದಿನ ತಿಂಡಿ ತಿಂದು ಎಂದಿನ ಇನ್ಸುಲಿನ್ ಹಾಕಬೇಕು. ಇಲ್ಲಿ ಜಾಸ್ತಿ ಗೊಂದಲ. "ಪರೀಕ್ಷೆ ಮುಗಿಯುವವರೆಗೆ ಇನ್ಸುಲಿನ್ ಬೇಡ" ಎಂದು ಬಿಟ್ಟರೆ 350 ಬಂದ ರಿಪೋರ್ಟ್ ನೋಡಿ ಡೋಸ್ ಏರಿಸುತ್ತಾರೆ, ಆ ಏರಿಕೆ ಮುಂದಿನ ವಾರ ಲೋ ಮಾಡಿಸುತ್ತದೆ. ಎರಡು ಗಂಟೆಯ ಲೆಕ್ಕ ಮೊದಲ ತುತ್ತಿನಿಂದ ಶುರು.

ಪಂಪ್ ಇರುವವರು, ಚಿಕ್ಕ ಮಕ್ಕಳು

ಮೈಗೆ ಅಂಟಿಸಿಕೊಳ್ಳುವ ಇನ್ಸುಲಿನ್ ಪಂಪ್‌ನಲ್ಲಿ ಇರುವುದು ಬೇಗ ಮುಗಿಯುವ ಇನ್ಸುಲಿನ್ ಮಾತ್ರ, ಕೆಳಗೆ ಬೇರೆ ತಳ ಇಲ್ಲ. ಅದನ್ನು ಕಳಚಿಟ್ಟರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಶುರುವಾಗಬಹುದು. ರಕ್ತ ಪರೀಕ್ಷೆಗೆ ಕಳಚುವ ಅಗತ್ಯವೇ ಇಲ್ಲ. ಬೇಸಲ್ ಓಡುತ್ತಿರಲಿ, ಲೋ ಆಗುವ ಭಯ ಇದ್ದರೆ ತಾತ್ಕಾಲಿಕವಾಗಿ ಕಡಿಮೆ ಮಾಡಿ. 780ಜಿ ತರದ ತಾನೇ ಹೊಂದಿಸಿಕೊಳ್ಳುವ ಪಂಪ್‌ನಲ್ಲಿ ತಾತ್ಕಾಲಿಕ ಗುರಿ 150 ಇಡಬಹುದು. ಸೂಜಿಯ ಸೆಟ್ಟನ್ನು ಹಿಂದಿನ ರಾತ್ರಿ ಮಲಗುವ ಮುಂಚೆ ಬದಲಿಸಬೇಡಿ. ಅದು ಸರಿ ಕೂರದಿದ್ದರೆ ಗೊತ್ತಾಗುವುದು ಬೆಳಿಗ್ಗೆಯೇ.

ಮಕ್ಕಳಿಗೆ ಉಪವಾಸ ಆದಷ್ಟೂ ತಪ್ಪಿಸಿ. ಮಕ್ಕಳ ಮೊದಲ ಲಿಪಿಡ್ ಪರೀಕ್ಷೆಯನ್ನು ತಿಂಡಿ ತಿಂದೇ ಮಾಡಬಹುದು, ಎಲ್‌ಡಿಎಲ್ 100 ದಾಟಿದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡುತ್ತಾರೆ. ತಪ್ಪಿಸಲಾಗದಿದ್ದರೆ ದಿನದ ಮೊದಲ ಸರದಿ ನಿಮ್ಮ ಮಗುವಿನದೇ ಆಗಬೇಕು.

ರಿಪೋರ್ಟ್ ಬಂದಾಗ

ಲ್ಯಾಬ್ 128 ಎನ್ನುತ್ತದೆ, ನಿಮ್ಮ ಮೀಟರ್ 142 ತೋರಿಸಿತ್ತು. ಇದರಲ್ಲಿ ತಪ್ಪೇನಿಲ್ಲ. ಮೀಟರ್‌ಗೆ ಶೇಕಡಾ 15ರಷ್ಟು ಹೆಚ್ಚು ಕಡಿಮೆ ಒಪ್ಪಿತ. ಜೊತೆಗೆ, ಟ್ಯೂಬ್‌ನಲ್ಲಿರುವ ರಕ್ತಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ, ಬೇರ್ಪಡಿಸದೆ ಇಟ್ಟರೆ ಗಂಟೆಗೆ ಶೇಕಡಾ 5-7ರಷ್ಟು ಇಳಿಯುತ್ತದೆ. ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸುವುದು ಅದನ್ನು ತಡೆಯಲಿಕ್ಕೇ, ಆದರೂ ಮೊದಲ ಒಂದೆರಡು ಗಂಟೆ ಸ್ವಲ್ಪ ಇಳಿಯುತ್ತದೆ.

ವೈದ್ಯರ ಬಳಿ ಹೋಗುವಾಗ ರಿಪೋರ್ಟ್ ಜೊತೆ ಒಂದು ಚೀಟಿ ಇರಲಿ: ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಏನು ತಿಂದಿರಿ, ಎಷ್ಟು ಯೂನಿಟ್ ಹಾಕಿದಿರಿ, ಮಲಗುವಾಗ ಎಷ್ಟಿತ್ತು, ಎದ್ದಾಗ ಎಷ್ಟಿತ್ತು. ಮಲಗುವಾಗಿನ ಮತ್ತು ಎದ್ದಾಗಿನ ಸಂಖ್ಯೆಗೆ 30ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದು, ಬೇರೆ ರಾತ್ರಿಗಳಲ್ಲೂ ಹೀಗೇ ಆಗುತ್ತಿದ್ದರೆ, ಬೇಸಲ್ ಡೋಸ್ ಬದಲಿಸಬೇಕಾ ಎಂದು ಅಂದೇ ಕೇಳಿ.